ಬಿಲ್ಲು ಇತ್ತು, ಕೆಲಸ ಆಗಿರಲಿಲ್ಲ

(ನಿಜ್ವಾದಲ್ಲಿ ನಡೆದ ನಮ್ಮ ಸಂಘದ ಸದಸ್ಯರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ವೇದಿಕೆಯಲ್ಲಿರುವ ಹಿರಿಯರೇ, ಉಸ್ತಾದರೇ, ಡ್ಯೂಟಿ ಮುಗಿಸಿ ಬಟ್ಟೆ ಕೂಡ ಬದಲಾಯಿಸದೆ ನೇರ ಇಲ್ಲಿಗೆ ಬಂದು ಕೂತಿರುವ ಸಹೋದರರೇ, ಮತ್ತೆ ಊರಿನಲ್ಲಿ ಈ ಪತ್ರಿಕೆ ಓದುವ ಉಮ್ಮಂದಿರೇ, ತಂಗಿಯಂದಿರೇ,

ನಾವು ಭಾಷಣ ಮಾಡಿ ಗೊತ್ತಿದ್ದವರಲ್ಲ. ನಾವು ಮೂವರು ಒಂದೇ ರೂಮಿನವರು. ಒಬ್ಬರು ಉಳ್ಳಾಲದ ಕಾಕ, ಒಬ್ಬ ವಿಟ್ಲದವ, ಒಬ್ಬ ಕೃಷ್ಣಾಪುರದವ. ಮೂವರಿಗೂ ಒಂದೇ ಅರ್ಬಾಬ್, ಒಂದೇ ತರಕಾರಿ ಅಂಗಡಿ, ಒಂದೇ ಕ್ಯಾಂಟರ್. ಹಾಗಾಗಿ ಇಲ್ಲಿ ನಿಂತು ಮಾತಾಡುವವ ಒಬ್ಬನಾದರೂ ಮಾತು ಮೂವರದ್ದು. ತಪ್ಪೂ ಮೂವರದ್ದೇ. ಆ ತಪ್ಪನ್ನು ಹೇಳಿಕೊಳ್ಳಲಿಕ್ಕೇ ಕಾರ್ಯದರ್ಶಿಯವರು ನಮ್ಮನ್ನು ಇಲ್ಲಿ ನಿಲ್ಲಿಸಿದ್ದಾರೆ. "ನೀವು ಬಿದ್ದ ಗುಂಡಿಯನ್ನು ಉಳಿದವರಿಗೂ ತೋರಿಸಿ, ಅವರು ಬದಿಯಿಂದ ಹೋಗಲಿ" ಅಂತ ಹೇಳಿದ್ರು.

ವಿಷಯ ಹಳೇ ಗಾಡಿಯದ್ದು. ಈ ಸಭೆಯಲ್ಲಿ ಅರ್ಧ ಜನ ಸ್ಟೇರಿಂಗ್ ಹಿಡಿದವರು, ಕಾಲು ಭಾಗ ಸನಾಯಿಯದಲ್ಲಿ ಸ್ಪ್ಯಾನರ್ ಹಿಡಿದವರು. ಉಳಿದವರು ಇವತ್ತಲ್ಲ ನಾಳೆ ಊರಿಗೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ಪೋ ಲಾರಿಯೋ ತೆಗೆದು ಜೀವನ ಮಾಡುವ ಅಂತ ಲೆಕ್ಕ ಹಾಕುತ್ತಾ ಇರುವವರು. ಹಾಗಾಗಿ ಇದು ಯಾರಿಗೂ ಹೊರಗಿನ ಮಾತಲ್ಲ.

2022ರ ಫೆಬ್ರವರಿಯಲ್ಲಿ ನಮ್ಮ ಅರ್ಬಾಬ್ ಅಂಗಡಿಗೆ ಒಂದು ಗಾಡಿ ಬೇಕು ಅಂದ್ರು. ಮಸ್ಕತ್ತಿನಿಂದ ತರಕಾರಿ ತರಲಿಕ್ಕೆ ಬಾಡಿಗೆ ಗಾಡಿಗೆ ಕೊಟ್ಟು ಕೊಟ್ಟು ಅವರಿಗೆ ಸಾಕಾಗಿತ್ತು. ಹೊಸತಕ್ಕೆ ಅಷ್ಟು ಹಣ ಇಲ್ಲ. ಅವರಿಗೆ ವಯಸ್ಸಾಗಿದೆ, ಗಾಡಿಯ ವಿಷಯ ಗೊತ್ತಿಲ್ಲ. ನಮ್ಮನ್ನು ಕರೆದು, "ನೀವು ನೋಡಿ ಹೇಳಿ, ನಿಮ್ಮ ಮಾತಿನ ಮೇಲೆ ನಾನು ಹಣ ಕೊಡ್ತೇನೆ" ಅಂದ್ರು. ಉಳ್ಳಾಲದ ಕಾಕ ಊರಿನಲ್ಲಿ ಹನ್ನೆರಡು ವರ್ಷ ಲಾರಿ ಓಡಿಸಿದವರು, ಶಿರಾಡಿ ಘಾಟಿಯನ್ನು ಕಣ್ಣುಮುಚ್ಚಿ ಇಳಿಸುವವರು. ಅವರಿರುವಾಗ ಎಂತ ಹೆದರಿಕೆ ಅಂತ ನಾವು ಹೊರಟೆವು.

ಗಾಡಿ ನೋಡಿದ್ದು ಶುಕ್ರವಾರ ಜುಮಾ ಮುಗಿಸಿ, ಊಟ ಮಾಡಿ, ಮಧ್ಯಾಹ್ನ ಮೂರು ಗಂಟೆಗೆ. ಮೊದಲ ತಪ್ಪು ಅಲ್ಲಿಯೇ ಆಯ್ತು. ನಾವು ಹೋಗುವಾಗ ಇಂಜಿನ್ ಬಿಸಿ ಇತ್ತು. ಮಾರುವವರು "ಈಗಷ್ಟೇ ಡೀಸೆಲ್ ಹಾಕಿ ಬಂದೆ" ಅಂದ್ರು, ನಾವು ನಂಬಿದೆವು. 2011ರ ಮಾಡೆಲ್. ಬಾಡಿಗೆ ಹೊಸ ಬಿಳಿ ಪೈಂಟ್. ಇಂಜಿನ್ ಸ್ಟೀಮಿನಲ್ಲಿ ತೊಳೆದು ಫಳಫಳ. ಟಯರಿಗೆ ಪಾಲಿಶ್ ಹಾಕಿ ಕಪ್ಪು ಮಿಂಚುತ್ತಾ ಇತ್ತು. ಸೀಟಿನ ಮೇಲೆ ಪ್ಲಾಸ್ಟಿಕ್ ಕವರ್. ಮುಲ್ಕಿಯಾದಲ್ಲಿ ಇನ್ನೂ ಏಳು ತಿಂಗಳು ಬಾಕಿ. ಮುಲ್ಕಿಯಾ ಅಂದ್ರೆ ಇಲ್ಲಿಯ ಆರ್.ಸಿ. ಹೊಸದಾಗಿ ಬಂದವರು ಅದನ್ನು ಕೇಳಿ ನಮ್ಮ ಮುಲ್ಕಿ ಪೇಟೆ ಅಂತ ತಿಳಿಯುವುದುಂಟು.

ಎಲ್ಲದಕ್ಕಿಂತ ನಮ್ಮನ್ನು ಮರುಳು ಮಾಡಿದ್ದು ಒಂದು ಫೈಲು. ಮಾರುವವರು ಡ್ಯಾಶ್‌ಬೋರ್ಡಿನಿಂದ ಒಂದು ದಪ್ಪ ಫೈಲ್ ತೆಗೆದು ಕೊಟ್ರು. ಒಳಗೆ ಗ್ಯಾರೇಜ್ ಬಿಲ್ಲುಗಳು. ಆಯಿಲ್ ಚೇಂಜ್, ಫಿಲ್ಟರ್, ಬ್ರೇಕ್ ಸರ್ವಿಸ್, ರೇಡಿಯೇಟರ್ ಸರ್ವಿಸ್, ಗ್ರೀಸಿಂಗ್. ಹನ್ನೊಂದು ಬಿಲ್ಲು, ಎಲ್ಲವೂ ಹಿಂದಿನ ಒಂದೂವರೆ ವರ್ಷದ್ದು. "ನಾನು ಗಾಡಿಗೆ ಮಗನ ಹಾಗೆ ಖರ್ಚು ಮಾಡಿದ್ದೇನೆ" ಅಂದ್ರು. ನಾವು ಆ ಫೈಲನ್ನು ತಿರುಗಿಸಿ ನೋಡಿದೆವು, ಗಾಡಿಯ ಅಡಿಗೆ ಬಗ್ಗಿ ನೋಡಲಿಲ್ಲ. ಬಿಳಿ ಬಟ್ಟೆ ಕೊಳೆಯಾಗುತ್ತದೆ ಅಂತ ನೋಡಲಿಲ್ಲ! ನಗಬೇಡಿ. ಅವತ್ತು ಆ ಬಟ್ಟೆಯನ್ನು ಉಳಿಸಿದ್ದಕ್ಕೆ ಮುಂದೆ ನಾವು ಕೊಟ್ಟ ಬೆಲೆ ಕೇಳಿ. 3,100 ರಿಯಾಲಿಗೆ ವ್ಯಾಪಾರ ಮುಗಿಯಿತು. ಅರ್ಬಾಬ್ ನಮ್ಮ ಮುಖ ನೋಡಿದ್ರು, ನಾವು ತಲೆ ಆಡಿಸಿದೆವು, ಅವರು ಹಣ ಎಣಿಸಿದ್ರು.

ಮಾರ್ಚ್, ಏಪ್ರಿಲ್ ಚೆನ್ನಾಗಿ ಹೋಯ್ತು. ರಾತ್ರಿ ಒಂದು ಗಂಟೆಗೆ ನಿಜ್ವಾ ಬಿಡುವುದು, ಮವಾಲಿಹ್ ಮಾರ್ಕೆಟಿನಲ್ಲಿ ಲೋಡ್ ಮಾಡುವುದು, ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ವಾಪಸ್. ಆ ಮಾರ್ಕೆಟ್ ಈಗ ಅಲ್ಲಿಲ್ಲ, 2024ರಲ್ಲಿ ಬರ್ಕಾ ಕಡೆಯ ಖಝಾಯಿನಿಗೆ ಹೋಗಿದೆ. ಆಗ ಒಂದು ಕಡೆಗೆ ಸುಮಾರು 150 ಕಿಲೋಮೀಟರ್ ದಾರಿ.

ಮೇ ಕೊನೆಗೆ ಬಿಸಿಲು ಏರಿತು. ಇಲ್ಲಿಯ ಬೇಸಿಗೆ ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ, ನೆರಳಿನಲ್ಲಿಯೇ 45 ಡಿಗ್ರಿ ದಾಟುತ್ತದೆ. ಒಂದು ದಿನ ತಡವಾಗಿ ಲೋಡ್ ಆಗಿ ಹಗಲಿನಲ್ಲಿ ಬರುವಾಗ, ಬಿದ್‌ಬಿದ್ ದಾಟಿ ಸುಮಾಯಿಲ್ ಕಡೆಗೆ ಏರುವಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಹೋಯ್ತು. ಗಾಡಿ ನಿಲ್ಲಿಸಿ, ತಣ್ಣಗಾಗುವವರೆಗೆ ಕೂತು, ನೀರು ಹಾಕಿ ಬಂದೆವು. ಸನಾಯಿಯದ ಒಂದು ಗ್ಯಾರೇಜಿಗೆ ತೋರಿಸಿದೆವು. ಅವರು ಥರ್ಮೋಸ್ಟಾಟ್ ತೆಗೆದು ಬಿಸಾಡಿದ್ರು. "ಈ ದೇಶಕ್ಕೆ ಇದು ಬೇಡ, ಮಾಫಿ ಮುಶ್ಕಿಲ್" ಅಂದ್ರು. ಹತ್ತು ದಿನಕ್ಕೆ ಪುನಃ ಅದೇ ಕತೆ. ಎರಡನೇ ಗ್ಯಾರೇಜಿನವರು ರೇಡಿಯೇಟರ್ ಕ್ಯಾಪ್ ಬದಲಾಯಿಸಿದ್ರು. ಮಾಫಿ ಮುಶ್ಕಿಲ್. ಮೂರನೆಯವರು ರೇಡಿಯೇಟರಿಗೆ ಹೊರಗಿನಿಂದ ಪ್ರೆಶರ್ ನೀರು ಹೊಡೆದ್ರು. ಅಲ್ಲಿಯೂ ಮಾಫಿ ಮುಶ್ಕಿಲ್. ಮೂವರಲ್ಲಿ ಒಬ್ಬರೂ ಒಳಗಿನ ನೀರು ಯಾವ ಬಣ್ಣದಲ್ಲಿದೆ ಅಂತ ನೋಡಲಿಲ್ಲ. ನೋಡಿ ಅಂತ ನಾವೂ ಹೇಳಲಿಲ್ಲ. ನಮಗೆ ಬೇಕಾದದ್ದು ಒಂದೇ, ಇವತ್ತು ರಾತ್ರಿ ಗಾಡಿ ಮಸ್ಕತ್ತಿಗೆ ಹೋಗಬೇಕು. ಅವರಿಗೆ ಬೇಕಾದದ್ದೂ ಒಂದೇ, ಇವತ್ತು ಸಂಜೆಯೊಳಗೆ ಗಾಡಿ ಗ್ಯಾರೇಜ್ ಬಿಟ್ಟು ಹೋಗಬೇಕು.

ಹೀಗೆ ಬೇಸಿಗೆ ಕಳೆಯಿತು. ಸೆಪ್ಟೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ ಆರೂಕಾಲು ಗಂಟೆ. ಟೊಮೆಟೊ, ನೀರುಳ್ಳಿ, ಬಟಾಟೆ ತುಂಬಿಸಿಕೊಂಡು ಫಿರ್ಕ್ ಹತ್ತಿರ ಬರುತ್ತಾ ಇದ್ದೆವು. ಕಾಕ ಓಡಿಸುತ್ತಾ ಇದ್ರು, ವಿಟ್ಲದವ ಪಕ್ಕದಲ್ಲಿ. ಶಾಲೆ ಶುರುವಾದ ಸಮಯ. ಮುಂದೆ ಒಂದು ಶಾಲಾ ಬಸ್ಸು ನಿಧಾನ ಆಯ್ತು. ಕಾಕ ಬ್ರೇಕ್ ಒತ್ತಿದ್ರು. ಪೆಡಲ್ ಸ್ಪಂಜಿನ ಹಾಗೆ ಕೆಳಗೆ ಹೋಯ್ತು, ಗಾಡಿ ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿದ್ರು, ಗಾಡಿ ಎಡಕ್ಕೆ ಎಳೆಯಿತೇ ಹೊರತು ನಿಲ್ಲಲಿಲ್ಲ. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ರಸ್ತೆಯಂಚಿನ ಕಲ್ಲಿಗೆ ಮುಂದಿನ ಚಕ್ರ ಉಜ್ಜಿಸಿ ಮಣ್ಣಿಗೆ ಇಳಿಸಿದ್ರು. ಬಸ್ಸಿಗೂ ನಮಗೂ ನಡುವೆ ಉಳಿದದ್ದು ಒಂದು ಚಾಪೆ ಹಾಸುವಷ್ಟು ಜಾಗ. ಬಸ್ಸಿನ ಹಿಂದಿನ ಗಾಜಿನಲ್ಲಿ ಒಂದು ಮಗು ನಮ್ಮನ್ನು ನೋಡಿ ಕೈ ಬೀಸಿತು. ಅದಕ್ಕೆ ಏನೂ ಗೊತ್ತಾಗಲಿಲ್ಲ. ಬಸ್ಸು ಹೋಯ್ತು. ಕಾಕ ಸ್ಟೇರಿಂಗಿನ ಮೇಲೆ ತಲೆ ಇಟ್ಟು ತುಂಬ ಹೊತ್ತು ಏಳಲಿಲ್ಲ. ಊರಿನಲ್ಲಿ ಅವರ ಮಗಳಿಗೂ ಅದೇ ಪ್ರಾಯ. ಅಲ್‌ಹಮ್ದುಲಿಲ್ಲಾಹ್, ಆ ದಿನ ನಮ್ಮಿಂದ ಯಾರ ಮನೆಯಲ್ಲೂ ಅಳು ಏಳಲಿಲ್ಲ. ಅದು ಅಲ್ಲಾಹನ ಕೃಪೆ, ನಮ್ಮ ಜಾಣತನ ಅಲ್ಲ.

ಅವತ್ತು ಗಾಡಿಯನ್ನು ಎಳೆಸಿ ಒಬ್ಬರು ಹಿರಿಯ ಮೇಸ್ತ್ರಿಯ ಹತ್ತಿರ ಕೊಂಡುಹೋದೆವು. ಅವರು ಒಂದು ಶರತ್ತು ಹಾಕಿದ್ರು. "ನಾನು ಬ್ರೇಕ್ ಮಾತ್ರ ಮಾಡಿ ಕೊಡುವುದಿಲ್ಲ. ಎಲ್ಲ ಬಿಚ್ಚುತ್ತೇನೆ. ಬಿಚ್ಚುವಾಗ ನೀವು ಇಲ್ಲಿ ಕೂತು ನೋಡಬೇಕು." ಎರಡು ದಿನ ಕೂತು ನೋಡಿದೆವು.

ಬಲಗಡೆ ಹಿಂದಿನ ಚಕ್ರ ಬಿಚ್ಚಿದಾಗ ಲೈನಿಂಗ್ ಪೂರ್ತಿ ತಿಂದು ರಿವೀಟ್ ಡ್ರಮ್ಮಿಗೆ ಉಜ್ಜಿ ಡ್ರಮ್ಮಿನಲ್ಲಿ ಗೆರೆ ಬಿದ್ದಿತ್ತು. ವೀಲ್ ಸಿಲಿಂಡರ್ ಲೀಕ್. ಬೇರಿಂಗಿನ ಗ್ರೀಸ್ ಒಣಗಿ ಹಳೇ ಸಾಬೂನಿನ ಹಾಗೆ. ಬ್ರೇಕ್ ಆಯಿಲ್ ಕಟ್ಟಂಚಾಯದ ಬಣ್ಣ. ಮೇಸ್ತ್ರಿ ನಮಗೆ ಅರ್ಥ ಆಗುವ ಹಾಗೆ ಹೇಳಿದ್ರು. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಡಾಟ್ 3 ಅನ್ನುವ ಆಯಿಲ್ ಹೊಸತಿರುವಾಗ 205 ಡಿಗ್ರಿಯವರೆಗೆ ಕುದಿಯಬಾರದು ಅಂತ ಲೆಕ್ಕ. ತೇವ ಹೀರಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತದೆ. ಬ್ರೇಕ್ ಬಿಸಿಯಾದಾಗ ಒಳಗೆ ಆಯಿಲ್ ಕುದಿದು ಗುಳ್ಳೆ ಏಳುತ್ತದೆ. ನೀವು ಒತ್ತುವುದು ಆಯಿಲನ್ನಲ್ಲ, ಗುಳ್ಳೆಯನ್ನು. ಅದಕ್ಕೇ ಪೆಡಲ್ ಸ್ಪಂಜ್ ಆಗುವುದು. ಜಬಲ್ ಅಖ್ದರಿಗೆ ಹೋಗುವ ದಾರಿಯಲ್ಲಿ ಬಿರ್ಕತ್ ಅಲ್ ಮೌಝಿನ ಹತ್ತಿರ ಪೊಲೀಸರು ನಿಲ್ಲಿಸಿ ಫೋರ್ ವೀಲ್ ಅಲ್ಲದ ಕಾರನ್ನು ಬಿಡುವುದಿಲ್ಲ ಅಲ್ವಾ? ಏರುವುದಕ್ಕಿಂತ ಇಳಿಯುವ ಭಯವೇ ಅಲ್ಲಿ ದೊಡ್ಡದು. ನಮ್ಮ ಶಿರಾಡಿ, ಚಾರ್ಮಾಡಿಯಲ್ಲೂ ಅಷ್ಟೇ. ಗೇರಿನಲ್ಲಿ ಹಿಡಿಯದೆ ಬ್ರೇಕಿನಲ್ಲೇ ಇಳಿಸಿದವನ ಪೆಡಲ್ ಕೊನೆಯ ತಿರುವಿನಲ್ಲಿ ಮೋಸ ಮಾಡುತ್ತದೆ.

ಮುಂದೆ ಏರ್ ಫಿಲ್ಟರ್. ಹೊರಗಿನ ಡಬ್ಬ ಒರೆಸಿ ಚಂದ ಇತ್ತು, ಒಳಗಿನ ಫಿಲ್ಟರ್ ಹರಿದಿತ್ತು. ಅಂದ್ರೆ ಇಲ್ಲಿಯ ಧೂಳು ನೇರ ಇಂಜಿನಿಗೆ. ಡಿಫರೆನ್ಶಿಯಲಿನ ಆಯಿಲ್ ಪ್ಲಗ್ಗಿನ ಮೇಲೆ ಹಳೇ ಪೈಂಟ್ ಹಾಗೇ ಕೂತಿತ್ತು. ಸ್ಪ್ಯಾನರ್ ತಾಗಿದ ಗುರುತು ಒಂದೂ ಇಲ್ಲ. ಗ್ರೀಸ್ ಹೊಡೆಯುವ ನಿಪ್ಪಲ್‌ಗಳಲ್ಲಿ ಕೆಲವು ಮಣ್ಣಿನಲ್ಲಿ ಮುಚ್ಚಿ ಹೋಗಿದ್ದವು. ರೇಡಿಯೇಟರಿನಿಂದ ಇಳಿದದ್ದು ನಮ್ಮ ಊರಿನ ಮಳೆಗಾಲದ ಕೆಂಪು ನೀರು. ಯಾರೂ ಕೂಲೆಂಟ್ ಹಾಕಿರಲಿಲ್ಲ, ವರ್ಷಗಟ್ಟಲೆ ನಲ್ಲಿ ನೀರು ಸುರಿದಿದ್ರು. ಇಲ್ಲಿಯ ನೀರು ಗಡಸು, ಕೆಟಲಿನಲ್ಲಿ ಬಿಳಿ ಪದರ ಕಟ್ಟುವುದನ್ನು ನೀವು ರೂಮಿನಲ್ಲಿಯೇ ನೋಡ್ತೀರಿ. ಅದೇ ಪದರ ಇಂಜಿನಿನ ಒಳಗೂ ಕಟ್ಟಿತ್ತು. ಕೂಲೆಂಟ್ ಅಂದ್ರೆ ಬಣ್ಣದ ನೀರಲ್ಲ. ಅದು ತುಕ್ಕು ತಡೆಯುತ್ತದೆ, ನೀರು ಬೇಗ ಕುದಿಯದ ಹಾಗೆ ಹಿಡಿಯುತ್ತದೆ. ಥರ್ಮೋಸ್ಟಾಟನ್ನೂ ಇಂಜಿನ್ ಮಾಡಿದವರು ಸುಮ್ಮನೆ ಇಟ್ಟದ್ದಲ್ಲ. ಜ್ವರ ಬಂದಾಗ ಥರ್ಮಾಮೀಟರ್ ಬಿಸಾಡಿದ್ರೆ ಜ್ವರ ಹೋಗುತ್ತದಾ?

ಕೊನೆಗೆ ಟಯರ್. ಮೇಸ್ತ್ರಿ ಟಯರಿನ ಬದಿಯಲ್ಲಿ ಒಂದು ಸಣ್ಣ ಉದ್ದ ಗುಂಡಗಿನ ಚೌಕಟ್ಟಿನೊಳಗಿನ ನಾಲ್ಕು ಅಂಕೆ ತೋರಿಸಿದ್ರು, 2614. ಮೊದಲಿನ ಎರಡು ಅಂಕೆ ವಾರ, ಮುಂದಿನ ಎರಡು ವರ್ಷ. 2014ರ ಇಪ್ಪತ್ತಾರನೇ ವಾರದಲ್ಲಿ ಆದ ಟಯರ್. ಎಂಟು ವರ್ಷ ಹಳತು. ಅದಕ್ಕೆ ಪಾಲಿಶ್ ಹಾಕಿ ನಮಗೆ ತೋರಿಸಿದ್ರು, ನಾವು "ಟಯರ್ ಒಳ್ಳೆದುಂಟು" ಅಂದೆವು.

ಆ ರಾತ್ರಿ ರೂಮಿನಲ್ಲಿ ಫೈಲ್ ಬಿಡಿಸಿ ಕೂತೆವು. ಹನ್ನೊಂದು ಬಿಲ್ಲನ್ನು ಚಾಪೆಯ ಮೇಲೆ ಹಾಸಿ, ಬಿಚ್ಚಿದಾಗ ಕಂಡದ್ದನ್ನು ಒಂದೊಂದಕ್ಕೇ ಹೊಂದಿಸಿ ನೋಡಿದೆವು. "ಏರ್ ಫಿಲ್ಟರ್ ಹೊಸತು" ಅಂತ ಬಿಲ್ಲುಂಟು, ಫಿಲ್ಟರ್ ಹಳತು. "ಕೂಲೆಂಟ್" ಅಂತ ಬಿಲ್ಲುಂಟು, ಒಳಗೆ ಇದ್ದದ್ದು ತುಕ್ಕು ನೀರು. "ಹೌಸಿಂಗ್ ಆಯಿಲ್" ಬಿಲ್ಲುಂಟು, ಪ್ಲಗ್ ತಿರುಗಿಸಿದ ಗುರುತೇ ಇಲ್ಲ. "ನಾಲ್ಕು ಚಕ್ರ ಬ್ರೇಕ್ ಸರ್ವಿಸ್, ಗ್ರೀಸಿಂಗ್" ಅಂತ ಇದ್ದದ್ದರಲ್ಲಿ ಹಿಂದಿನ ಚಕ್ರ ಯಾರೂ ಬಿಚ್ಚಿದ ಹಾಗೆ ಕಾಣಲಿಲ್ಲ. ಹನ್ನೊಂದರಲ್ಲಿ ಐದು ಬಿಲ್ಲು ಹೀಗೆ. ಅಂದ್ರೆ ಗಾಡಿ ಮಾರಿದವರು ಎಲ್ಲ ಸುಳ್ಳು ಹೇಳಿರಲಿಲ್ಲ. ಅವರು ಹಣ ಕೊಟ್ಟಿದ್ದರು. ಅವರಿಗೂ ಮೋಸ ಆಗಿತ್ತು. ಅವರು ಮಾಡಿದ ತಪ್ಪು, ಗಾಡಿಯಲ್ಲಿ ಏನೋ ಸರಿ ಇಲ್ಲ ಅಂತ ಗೊತ್ತಾದ ಮೇಲೆ ಪೈಂಟ್ ಬಳಿದು ನಮಗೆ ದಾಟಿಸಿದ್ದು.

ರಿಪೇರಿಗೆ, ಟಯರಿಗೆ ಎಲ್ಲ ಸೇರಿ 740 ರಿಯಾಲ್ ಆಯ್ತು. ಹತ್ತೊಂಬತ್ತು ದಿನ ಗಾಡಿ ನಿಂತಿತು. ಟ್ರಿಪ್ಪಿನ ಭತ್ಯೆ ಇಲ್ಲ. ಆ ತಿಂಗಳು ವಿಟ್ಲದವನಿಗೆ ತಂಗಿಯ ಪಿ.ಯು.ಸಿ. ಫೀಸು ಕಳಿಸಲಿಕ್ಕೆ ಆಗಲಿಲ್ಲ. "ಎಂತ ಆಯ್ತು ಮಗಾ" ಅಂತ ಉಮ್ಮ ಫೋನಿನಲ್ಲಿ ಕೇಳಿದ್ರೆ "ಏನಿಲ್ಲ ಉಮ್ಮ, ಗಾಡಿಗೆ ಸ್ವಲ್ಪ ಕೆಲಸ" ಅಂದ. ಉಮ್ಮಂದಿರೇ, ಮಕ್ಕಳು ಗಲ್ಫಿನಿಂದ "ಗಾಡಿಗೆ ಸ್ವಲ್ಪ ಕೆಲಸ" ಅಂದಾಗ ಅದರ ಹಿಂದೆ ಎಷ್ಟು ಉಂಟು ಅಂತ ಇವತ್ತು ನಿಮಗೆ ಗೊತ್ತಾಗಲಿ.

ಅರ್ಬಾಬಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟ ಆಯ್ತು. ಮುಚ್ಚಿಡುವ ಅಂತ ಒಂದು ಯೋಚನೆ ನಮಗೂ ಬಂದಿತ್ತು, ಸುಳ್ಳು ಯಾಕೆ ಹೇಳಬೇಕು. ಕೊನೆಗೆ ಮೂವರೂ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ನಾವು ಅಡಿಗೆ ಬಗ್ಗಿ ನೋಡಲಿಲ್ಲ ಅಂತಲೂ ಹೇಳಿದೆವು. ಅವರು ಬೈಯಲಿಲ್ಲ. ಕಾವಾ ಹೊಯ್ದು ಕೊಟ್ಟು ಹೇಳಿದ್ರು, "ಇಲ್ಲಿ ಕೋಟೆಯ ಹತ್ತಿರ ಶುಕ್ರವಾರ ಬೆಳಿಗ್ಗೆ ಆಡಿನ ಸಂತೆ ಆಗುತ್ತದೆ, ನೀವು ನೋಡಿದ್ದೀರಿ. ಒಂದು ಆಡು ತೆಗೆಯುವವ ಅದರ ಬಾಯಿ ತೆರೆದು ಹಲ್ಲು ನೋಡ್ತಾನೆ, ಬೆನ್ನು ಹಿಡಿದು ನೋಡ್ತಾನೆ. ನೀವು ಇಷ್ಟು ದೊಡ್ಡ ಗಾಡಿಯನ್ನು ಬಾಯಿ ತೆರೆಸದೆ ತಂದ್ರಾ?" ಬೈದಿದ್ರೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಈಗ ಇನ್ನೊಂದು ಮಾತು. ಇದನ್ನು ಹೇಳಬೇಕಾ ಬೇಡವಾ ಅಂತ ನಾವು ತುಂಬ ಯೋಚನೆ ಮಾಡಿದೆವು. ಆ ಐದು ಬಿಲ್ಲಿನಲ್ಲಿ ಎರಡು ಬಿಲ್ಲಿನ ಗ್ಯಾರೇಜಿನಲ್ಲಿ ಆಗ ಕೆಲಸ ಮಾಡಿದ್ದು ನಮ್ಮವನೇ ಒಬ್ಬ. ನಮ್ಮ ಭಾಷೆಯವನೇ, ನಮ್ಮ ಕಡೆಯವನೇ. ನಮ್ಮ ವಿಷಯ ಹೇಗೋ ಅವನಿಗೆ ಗೊತ್ತಾಗಿ ಒಂದು ರಾತ್ರಿ ಇಶಾ ನಂತರ ರೂಮಿಗೆ ಬಂದ. ಬಾಗಿಲಿನ ಹತ್ತಿರವೇ ಕೂತ.

"ಕಾಕ, ಆ ಗಾಡಿ ನನಗೆ ನೆನಪುಂಟು. ಫಿಲ್ಟರ್ ಹೊಸತು ಅಂತ ಬರೆದದ್ದು ಮುದೀರ್. ಹಳತಕ್ಕೆ ಗಾಳಿ ಹೊಡೆದು ಹಾಕು ಅಂದ್ರು, ಹಾಕಿದೆ. ಹಿಂದಿನ ಚಕ್ರ ಬಿಚ್ಚಬೇಡ, ಟೈಮ್ ಇಲ್ಲ ಅಂದ್ರು, ಬಿಚ್ಚಲಿಲ್ಲ" ಅಂದ.

"ನೀನು ಎಂತ ಮಾಡ್ಲಿಕ್ಕಾಗುತ್ತಿತ್ತು ಮಾರಾಯ, ವೀಸಾ ಅವರ ಕೈಯಲ್ಲಿ" ಅಂದ್ರು ಕಾಕ.

ಅವನು ತಲೆ ಎತ್ತಲಿಲ್ಲ. "ವೀಸಾ ಅವರ ಕೈಯಲ್ಲಿ ಕಾಕ, ಸ್ಪ್ಯಾನರ್ ನನ್ನ ಕೈಯಲ್ಲೇ ಇತ್ತಲ್ಲ."

ಸಹೋದರರೇ, ಆ ಮಾತು ಇಂದಿಗೂ ನಮ್ಮ ಕಿವಿಯಲ್ಲುಂಟು. ನಾವು ಅವನನ್ನು ತಪ್ಪಿತಸ್ಥ ಅಂತ ನಿಲ್ಲಿಸಲಿಕ್ಕೆ ಇದನ್ನು ಹೇಳುವುದಲ್ಲ. ಅವನ ಹೆಸರನ್ನು ನಾವು ಎಲ್ಲಿಯೂ ಹೇಳಿಲ್ಲ, ಹೇಳುವುದೂ ಇಲ್ಲ. 50 ಡಿಗ್ರಿ ಕಾದ ತಗಡಿನ ಅಡಿಯಲ್ಲಿ, ದಿನಕ್ಕೆ ಇಷ್ಟು ಗಾಡಿ ಹೊರಗೆ ಹೋಗಲೇಬೇಕು ಅನ್ನುವ ಲೆಕ್ಕದಲ್ಲಿ ಕೆಲಸ ಮಾಡುವವರ ಕಷ್ಟ ನಮಗೆ ಗೊತ್ತುಂಟು. ಆದರೆ ಅವನು ಬಿಚ್ಚದ ಚಕ್ರದ ಮೇಲೆ ಕೂತು ಓಡಿಸಿದ್ದು ಅವನದ್ದೇ ಊರಿನ ಕಾಕ. ಅವನಿಗೆ ಅದು ಒಂದು ನಂಬರ್ ಪ್ಲೇಟ್ ಆಗಿತ್ತು. ಗ್ಯಾರೇಜಿಗೆ ಬರುವ ಪ್ರತಿಯೊಂದು ಗಾಡಿಯಲ್ಲೂ ಯಾರದ್ದೋ ಕಾಕ, ಯಾರದ್ದೋ ಮಗ ಇರ್ತಾನೆ. ಒಮಾನಿಯಾಗಲಿ, ಬಂಗಾಳಿಯಾಗಲಿ, ಪಠಾಣನಾಗಲಿ, ಅವನ ಮನೆಯಲ್ಲೂ ಒಬ್ಬಳು ಉಮ್ಮ ಫೋನಿಗೆ ಕಾಯ್ತಾ ಇರ್ತಾಳೆ.

ಉಸ್ತಾದರು ನಮಗೆ ಒಂದು ಹದೀಸ್ ನೆನಪಿಸಿದ್ರು. ಪ್ರವಾದಿಯವರು (ಸ.ಅ.) ಮಾರುಕಟ್ಟೆಯಲ್ಲಿ ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಮೇಲೆ ಒಣಗಿದ್ದು, ಒಳಗೆ ಒದ್ದೆ. ಮಳೆಗೆ ನೆನೆಯಿತು ಅಂದ ವ್ಯಾಪಾರಿಗೆ, ಒದ್ದೆಯಾದದ್ದನ್ನು ಜನರಿಗೆ ಕಾಣುವ ಹಾಗೆ ಮೇಲೆ ಇಡಬೇಕಿತ್ತು ಅಂತ ಹೇಳಿ, ಮೋಸ ಮಾಡುವವರು ನಮ್ಮವರಲ್ಲ ಅನ್ನುವ ಅರ್ಥದ ಎಚ್ಚರಿಕೆ ಕೊಟ್ಟರು. ಸಹೀಹ್ ಮುಸ್ಲಿಮಿನಲ್ಲಿ ಬರುವ ಹದೀಸ್ ಇದು. ತೊಳೆದು ಮಿಂಚಿಸಿದ ಇಂಜಿನ್ ಅಂದ್ರೆ ಅದೇ ರಾಶಿ. ಇದರಲ್ಲಿ ಕೊಳ್ಳುವವನಿಗೂ ಒಂದು ಪಾಠ ಉಂಟು. ರಾಶಿ ನೋಡಿ ಸುಮ್ಮನೆ ಹೋಗಲಿಲ್ಲ, ಕೈ ಹಾಕಿ ನೋಡಿದರು.

ಹಾಗಾದ್ರೆ ಕೈ ಹಾಕುವುದು ಹೇಗೆ? ನಾವು ಕಲಿತದ್ದನ್ನು ಹೇಳ್ತೇವೆ.

ಗಾಡಿ ನೋಡಲಿಕ್ಕೆ ಬೆಳಿಗ್ಗೆಯೇ ಹೋಗಿ. ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇವೆ ಅನ್ನಿ. ತಣ್ಣಗಿನ ಇಂಜಿನ್ ಎಷ್ಟು ಹೊತ್ತಿಗೆ ಹಿಡಿಯುತ್ತದೆ, ಯಾವ ಬಣ್ಣದ ಹೊಗೆ ಬರುತ್ತದೆ ಅನ್ನುವುದರಲ್ಲಿಯೇ ಅರ್ಧ ವಿಷಯ ಗೊತ್ತಾಗುತ್ತದೆ. ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಕ್ಯಾಪ್ ತೆಗೆಯಿರಿ, ಬಿಸಿ ಇರುವಾಗ ತೆಗೆದು ಮುಖ ಸುಟ್ಟುಕೊಂಡವರು ಉಂಟು. ಕೆಂಪು ನೀರು ಕಂಡರೆ, ಎಣ್ಣೆ ತೇಲಿದರೆ ಬಿಟ್ಟುಬಿಡಿ. ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲು ಹಾಕಿದ ಚಹಾದ ಬಣ್ಣದ ಕೆನೆ ಕಂಡರೆ ಆಯಿಲಿಗೆ ನೀರು ಸೇರುತ್ತಿದೆ ಅಂತ ಸಂಶಯಪಡಿ.

ಅಡಿಗೆ ಮಲಗಿ ನೋಡಿ. ಪ್ಲಗ್ಗಿನ ಮೇಲೆ ಸ್ಪ್ಯಾನರ್ ಗುರುತು ಉಂಟಾ, ನಿಪ್ಪಲಿನಲ್ಲಿ ಹೊಸ ಗ್ರೀಸ್ ಉಂಟಾ, ಚಕ್ರದ ಒಳಗಡೆ ಎಣ್ಣೆ ಇಳಿದ ಕಲೆ ಉಂಟಾ ನೋಡಿ. ಎಲ್ಲ ಟಯರಿನ ನಾಲ್ಕು ಅಂಕೆ ಓದಿ, ಸ್ಟೆಪ್ನಿಯದ್ದೂ ಓದಿ. ಖಾಲಿ ಗಾಡಿ ಓಡಿಸಿ ಏನೂ ಗೊತ್ತಾಗುವುದಿಲ್ಲ, ಸ್ವಲ್ಪ ಭಾರ ಹಾಕಿ ಒಂದು ಏರು ಹತ್ತಿಸಿ. ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ. ಒಂದು ಮಾತ್ರ ಹೆಚ್ಚು ಬಿಸಿ ಇದ್ದರೆ ಅಲ್ಲಿ ಬ್ರೇಕೋ ಬೇರಿಂಗೋ ಹಿಡಿಯುತ್ತಾ ಉಂಟು.

ಫೈಲ್ ಕೊಟ್ಟರೆ ಸಂತೋಷ, ಅದನ್ನು ಓದಿ. ಆದರೆ ಬಿಲ್ಲಿನಲ್ಲಿ ಬರೆದದ್ದು ಗಾಡಿಯಲ್ಲಿ ಉಂಟಾ ಅಂತ ನೋಡಿ. ನಿಮ್ಮ ಪರವಾಗಿ ನೋಡಲಿಕ್ಕೆ, ಮಾರುವವರಿಗೆ ಸಂಬಂಧ ಇಲ್ಲದ ಒಬ್ಬ ಮೇಸ್ತ್ರಿಗೆ ಹಣ ಕೊಡಿ. ಇಪ್ಪತ್ತು ರಿಯಾಲ್ ಉಳಿಸಲಿಕ್ಕೆ ಹೋಗಿ ನಾವು 740 ಕೊಟ್ಟವರು. ಮುಲ್ಕಿಯಾದ ಚಾಸಿ ನಂಬರ್ ಗಾಡಿಯ ಮೇಲಿನದ್ದಕ್ಕೆ ಹೊಂದುತ್ತದಾ, ಪೊಲೀಸ್ ಫೈನ್ ಬಾಕಿ ಉಂಟಾ, ಸಾಲದ ಹಿಡಿತ ಉಂಟಾ ನೋಡಿಕೊಳ್ಳಿ. ಪಾಸಿಂಗ್ ಆಗಿದೆ ಅನ್ನುವ ಮಾತನ್ನು ಆ ಒಂದು ದಿನಕ್ಕೆ ಮಾತ್ರ ನಂಬಬಹುದು.

ಗಾಡಿ ತೆಗೆದ ಮೇಲೆ, ಇದುವರೆಗೆ ಯಾರೂ ಏನೂ ಮಾಡಿಲ್ಲ ಅಂತಲೇ ತಿಳಿದು ಶುರು ಮಾಡಿ. ಎಲ್ಲ ಆಯಿಲ್, ಎಲ್ಲ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್ ಮೊದಲ ವಾರವೇ ಬದಲಾಯಿಸಿ, ನಾಲ್ಕೂ ಚಕ್ರ ಬಿಚ್ಚಿಸಿ. ಗ್ಯಾರೇಜಿನಲ್ಲಿ ಬಿಚ್ಚುವಾಗ ಹತ್ತಿರ ನಿಲ್ಲಿ. ತೆಗೆದ ಹಳೇ ಸಾಮಾನನ್ನು ಕೇಳಿ ತೆಗೆದುಕೊಳ್ಳಿ. ಇದಕ್ಕೆ ನಾಚಿಕೆ ಬೇಡ. ನಿಯತ್ತಿನಿಂದ ಕೆಲಸ ಮಾಡುವ ಮೇಸ್ತ್ರಿಗೆ ಇದರಿಂದ ಬೇಸರ ಆಗುವುದಿಲ್ಲ, ಅವನೇ ಕರೆದು ತೋರಿಸ್ತಾನೆ. ಏನೇನು ಮಾಡಿದ್ರು ಅಂತ ಬಿಡಿಸಿ ಬರೆದ ಬಿಲ್ಲು ಕೇಳಿ. ಒಮಾನಿನಲ್ಲಿ ಗ್ರಾಹಕರ ರಕ್ಷಣೆಗೆ 2014ರ 66ನೇ ರಾಜಾಜ್ಞೆಯ ಕಾನೂನು ಉಂಟು. ದೂರು ಕೊಡಬೇಕಾದ್ರೆ ಕೈಯಲ್ಲಿ ಕಾಗದ ಬೇಕು. "ಮಾಫಿ ಮುಶ್ಕಿಲ್" ಅನ್ನುವ ಮಾತನ್ನು ಯಾರೂ ಕಾಗದದಲ್ಲಿ ಬರೆದು ಕೊಡುವುದಿಲ್ಲ.

ಊರಿನಲ್ಲಿ ಗಾಡಿ ತೆಗೆಯುವವರಿಗೆ ಒಂದು ಮಾತು. ನಾವು ಇಲ್ಲಿಂದ ಹಣ ಕಳಿಸ್ತೇವೆ, ತಮ್ಮನೋ ಭಾವನೋ ಅಲ್ಲಿ ಗಾಡಿ ತೆಗೀತಾರೆ. ಗಾಡಿ ಕೈಗೆ ಬಂದರೂ ಆರ್.ಸಿ. ಹಳೇ ಹೆಸರಿನಲ್ಲೇ ವರ್ಷಗಟ್ಟಲೆ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ಒಂದೇ ರಾಜ್ಯದೊಳಗೆ ಮಾರಿದವರು 14 ದಿನದೊಳಗೆ, ತೆಗೆದವರು 30 ದಿನದೊಳಗೆ ಆರ್.ಟಿ.ಒ.ಗೆ ತಿಳಿಸಬೇಕು. ಅಪಘಾತ ಆದರೆ ಪುಸ್ತಕದಲ್ಲಿ ಯಾರ ಹೆಸರುಂಟೋ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಗಾಡಿ ಮಾರುವಾಗಲೂ ಹೆಸರು ಬದಲಾಗುವವರೆಗೆ ಬಿಡಬೇಡಿ. ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಎಫ್.ಸಿ. ಆಗಬೇಕು. ಆದರೆ ಎಫ್.ಸಿ. ಕಾಗದವೂ ನಮ್ಮ ಆ ಫೈಲಿನ ಹಾಗೆಯೇ, ಅಡಿಗೆ ಬಗ್ಗಿ ನೋಡುವ ಕೆಲಸವನ್ನು ಅದು ತಪ್ಪಿಸುವುದಿಲ್ಲ.

ಮುಗಿಸುವ ಮೊದಲು ಒಂದು ವಿಷಯ. ನಮ್ಮ ನಿಜ್ವಾದ ಫಲಜ್ ದಾರಿಸ್ ನೀವೆಲ್ಲ ನೋಡಿದ್ದೀರಿ. ರಜೆಯಲ್ಲಿ ಅಲ್ಲಿ ಕಾಲು ಇಳಿಬಿಟ್ಟು ಕೂತವರೇ ನಾವೆಲ್ಲ. 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಒಮಾನಿನ ಐದು ಫಲಜ್‌ಗಳಲ್ಲಿ ಅದೂ ಒಂದು. ಆ ನೀರು ನೂರಾರು ವರ್ಷದಿಂದ ಪಂಪಿಲ್ಲದೆ ತೋಟಕ್ಕೆ ಹರಿಯುತ್ತಾ ಉಂಟು. ಹೇಗೆ? ಊರಿನವರು ಸೇರಿ ಅದಕ್ಕೆ ಒಬ್ಬ ವಕೀಲನನ್ನು ಇಡ್ತಾರೆ, ಕಾಲುವೆಯ ಹೂಳು ತೆಗೀತಾರೆ, ಬಿರುಕು ಮುಚ್ಚುತ್ತಾರೆ. ಹೂಳು ತೆಗೆದವನ ಕೆಲಸ ಯಾರಿಗೂ ಕಾಣುವುದಿಲ್ಲ, ನೀರು ಬರುತ್ತಾ ಇರುತ್ತದೆ ಅಷ್ಟೇ. ಗ್ರೀಸ್ ಹಾಕಿದ ಬೇರಿಂಗೂ ಹಾಗೆಯೇ, ಸದ್ದು ಮಾಡುವುದಿಲ್ಲ. ಸದ್ದು ಬಾರದ ಕೆಲಸಕ್ಕೆ ಯಾರೂ ಶಹಬ್ಬಾಸ್ ಹೇಳುವುದಿಲ್ಲ ಅಂತಲೇ ಅದು ಮೊದಲು ಬಿಟ್ಟುಹೋಗುವುದು. ಗ್ಯಾರೇಜಿನವರು ಬಿಟ್ಟರು, ಹಿಂದಿನ ಮಾಲಿಕರು ನೋಡಲಿಲ್ಲ, ಏಳು ತಿಂಗಳು ನಾವೂ ನೋಡಲಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಬಿಟ್ಟದ್ದು ಸೇರಿ ಆ ಬೆಳಿಗ್ಗೆ ಒಂದು ಶಾಲಾ ಬಸ್ಸಿನ ಹಿಂದೆ ಬಂದು ನಿಂತಿತು.

ಈಗ ನಮ್ಮ ಕ್ಯಾಂಟರಿನಲ್ಲಿ ಆ ಫೈಲ್ ಇಲ್ಲ. ಒಂದು ಇನ್ನೂರು ಪೇಜಿನ ನೋಟ್ ಬುಕ್ ಉಂಟು. ಯಾವ ದಿನ ಏನು ಬದಲಾಯಿತು, ಎಷ್ಟು ಕಿಲೋಮೀಟರಿಗೆ, ಯಾರು ಮಾಡಿದ್ರು, ನಾವು ಮೂವರಲ್ಲಿ ಯಾರು ಹತ್ತಿರ ನಿಂತು ನೋಡಿದ್ದು ಅಂತ ಬರೀತೇವೆ. ರಾತ್ರಿ ಹೊರಡುವ ಮೊದಲು ಐದು ನಿಮಿಷ ಆಯಿಲ್, ನೀರು, ಟಯರ್, ಬ್ರೇಕ್, ಲೈಟ್ ನೋಡಿ ಬಿಸ್ಮಿ ಹೇಳಿ ಹೊರಡ್ತೇವೆ. ಕಾಕ ಈಗ ಬಿಳಿ ಬಟ್ಟೆಯಲ್ಲೂ ಗಾಡಿಯ ಅಡಿಗೆ ಹೋಗ್ತಾರೆ!

ಮತ್ತೆ ಆ ಹುಡುಗ. ಅವನು ಈಗ ಬೇರೆ ಗ್ಯಾರೇಜಿನಲ್ಲಿದ್ದಾನೆ. ತಿಂಗಳಿಗೊಂದು ಶುಕ್ರವಾರ ಅಸರ್ ನಂತರ ನಮ್ಮ ಸದಸ್ಯರ ಗಾಡಿಗಳನ್ನು ಹಣ ತೆಗೆಯದೆ ನೋಡಿ ಕೊಡ್ತಾನೆ. ತೆಗೆದ ಹಳೇ ಸಾಮಾನನ್ನು ಒಂದು ಪೇಪರಿನಲ್ಲಿ ಸುತ್ತಿ ಗಾಡಿಯವನ ಕೈಗೆ ಕೊಡುವುದು ಅವನ ಅಭ್ಯಾಸ ಆಗಿದೆ. ಅವನು ಈ ಸಭೆಯಲ್ಲಿ ಇದ್ದಾನಾ ಇಲ್ಲವಾ ಅಂತ ನಾವು ಹೇಳುವುದಿಲ್ಲ, ನೀವೂ ತಿರುಗಿ ನೋಡಬೇಡಿ. ಅವನಿಗೂ ನಮಗೂ ಒಂದು ದುಆ ಮಾಡಿ.

ಅಲ್ಲಾಹನು ನಮ್ಮೆಲ್ಲರನ್ನೂ ದಾರಿಯ ಆಪತ್ತಿನಿಂದ ಕಾಪಾಡಲಿ, ನಮ್ಮ ಕೈಯ ಕೆಲಸದಲ್ಲಿ ಬರ್ಕತ್ ಕೊಡಲಿ, ಹೊರಟವರನ್ನೆಲ್ಲ ಮನೆಗೆ ಮುಟ್ಟಿಸಲಿ. ಆಮೀನ್.

ವಸ್ಸಲಾಮು ಅಲೈಕುಂ ವರಹ್ಮತುಲ್ಲಾಹ್.